ಪ್ರಕೃತಿಭೇದವೂ ನಡತೆಯ ಚಾಂಚಲ್ಯವೂ

ರನ್ನನ ಗದಾಯುದ್ಧದ ದುರ್ಯೋಧನನಲ್ಲಿ ಸ್ವಭಾವವಿರೋಧವುಂಟೆಂಬ ಆಕ್ಷೇಪವು ಪಾಠ ಹೇಳುವವರಿಗೆ ಹೊಸದಲ್ಲ. ರಣರಂಗದಲ್ಲಿ ಅಳಿದ ಕರ್ಣನನ್ನು ಕಂಡು ಕರಗುವವನೇ ಪಾಂಡವರೊಡನೆ ಸಂಧಿಯೆಂದರೆ ಕಿವಿಗೊಡನು. ಸ್ನೇಹದಲ್ಲಿ ಮೃದುವಾದ ಚಿತ್ತವು ದ್ವೇಷದಲ್ಲಿ ಇಷ್ಟು ಕಠಿನವಾಗಬಹುದೆ? ಇದಕ್ಕೆ ಅಲಂಕಾರಶಾಸ್ತ್ರಕ್ಕಿಂತ ವೈದ್ಯಶಾಸ್ತ್ರವೇ ಹೆಚ್ಚು ನೆರವಾಗುವುದೆಂದು ನನ್ನ ಅಭಿಪ್ರಾಯ.

ಸುಶ್ರುತಸಂಹಿತೆಯ ಶಾರೀರಸ್ಥಾನದ 4ನೆಯ ಅಧ್ಯಾಯದಲ್ಲಿ ಪ್ರಕೃತಿಲಕ್ಷಣಗಳು ಬಂದಿವೆ. ಮೈಬಣ್ಣ, ಕೂದಲು, ಕನಸು ಮೊದಲಾದವುಗಳ ನಡುವೆ ಅಡಗಿರುವುದರಿಂದ ಮನೋಧರ್ಮವನ್ನು ಕುರಿತ ಮಾತುಗಳು ಓದುವವರ ಕಣ್ಣಿಗೆ ಬೀಳುವುದು ಕಡಮೆ. ವಾತಪ್ರಕೃತಿಯವನಿಗೆ ಧೈರ್ಯವಿಲ್ಲ, ಮತಿ ನಿಲ್ಲದು, ಅವನ ಗೆಳೆತನವೂ ಗಟ್ಟಿಯಲ್ಲ. ಪಿತ್ತಪ್ರಕೃತಿಯವನು ಬೇಗ ಮುನಿದು ಬೇಗ ಪ್ರಸನ್ನನಾಗುತ್ತಾನೆ. ಕಫಪ್ರಕೃತಿಯವನು ಕೃತಜ್ಞ, ಸಹನಶೀಲ. ಅವನ ಮಿತ್ರರು ಸ್ಥಿರ, ವೈರವೂ ದೃಢ. ಮೈತ್ರಿಯನ್ನೂ ವೈರವನ್ನೂ ಒಬ್ಬನಲ್ಲಿಯೇ ಇರಿಸಿರುವ ಈ ಕಡೆಯ ಮಾತು ವಿಚಾರಣೀಯವಾದುದು. ಇಲ್ಲಿ ಭೇದವಿರುವುದು ಭಾವದ ಜಾತಿಯಲ್ಲಲ್ಲ, ಅದು ಏಳುವ ಮತ್ತು ಇಳಿಯುವ ವೇಗದಲ್ಲಿ. ಚರಕನೂ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಭಯ, ರಾಗ, ವಿರಾಗಗಳ ಶೀಘ್ರತೆಯನ್ನು ವಾತಲನಿಗೆ ಹೇಳಿ, ಶ್ಲೇಷ್ಮಲನ ಕ್ಷೋಭವು ಶೀಘ್ರವಲ್ಲವೆನ್ನುತ್ತಾನೆ.

ಯೂರೋಪಿನಲ್ಲಿಯೂ ಈ ಮಾರ್ಗವುಂಟು. 1879ರಲ್ಲಿ ಲೈಪ್‌ಝಿಗ್ ನಗರದಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದ ವುಂಟ್ ಪಂಡಿತನು ಗ್ರೀಕರ ನಾಲ್ಕು ಪ್ರಕೃತಿಗಳನ್ನು ಭಾವಗಳ ಬಲ, ವೇಗ ಎಂಬ ಎರಡು ಮಾನಗಳಿಂದ ವಿಭಾಗಿಸಿದನು. 1968ರಲ್ಲಿ ಮಿಷೆಲ್ ಎಂಬವನು ನಡತೆಯು ಸಂದರ್ಭಕ್ಕೆ ತಕ್ಕಂತೆ ಬಹಳ ಬದಲಾಗುವುದೆಂದು ತೋರಿಸಿದ ಮೇಲೆ ಸ್ವಭಾವವೆಂಬುದೇ ಸಂದೇಹಾಸ್ಪದವಾಯಿತು. ಆ ಸಂದೇಹವನ್ನು ತಿರುಗಿಸಿ ನೋಡಿದವನು ಫ್ಲೀಸನ್. ದಿನದಿನದ ನಡತೆಯನ್ನು ಮತ್ತೆ ಮತ್ತೆ ಬರೆಯಿಸಿಕೊಂಡು, ಒಬ್ಬನ ನಡತೆ ಎಷ್ಟು ಬದಲಾಗುವುದೆಂಬ ಪರಿಮಾಣವೇ ಅವನ ಸ್ಥಿರಲಕ್ಷಣವೆಂದು ಅವನು 2001ರಲ್ಲಿ ಪ್ರತಿಪಾದಿಸಿದನು. 2004ರಲ್ಲಿ ಮಾಸ್ಕೋವಿಟ್ಸ್, ಝುರಾಫ್ ಎಂಬಿಬ್ಬರು ಪರರೊಡನೆ ನಡೆದುಕೊಳ್ಳುವ ರೀತಿಯನ್ನು ಪರೀಕ್ಷಿಸಿ, ಬೇಗ ಉದ್ವೇಗಗೊಳ್ಳುವವರಲ್ಲಿ ಆ ಏರಿಳಿತವು ಹೆಚ್ಚೆಂದರು. ಹೀಗೆ ಚಾಂಚಲ್ಯಕ್ಕೂ ಒಂದು ಸ್ಥೈರ್ಯವುಂಟು.

ಇದರಿಂದ ತ್ರಿದೋಷವಾದವು ಸಿದ್ಧವಾಯಿತೆಂದು ಹಿಗ್ಗುವವರೊಡನೆ ನಾನು ಸೇರಲಾರೆ. ಲಕ್ಷಣವನ್ನು ಕಂಡುದು ಬೇರೆ, ಅದಕ್ಕೆ ಹೇಳಿದ ಕಾರಣ ಬೇರೆ.

ದುರ್ಯೋಧನನನ್ನು ಕಫಪ್ರಕೃತಿಯವನೆನ್ನುವುದೂ ಸರಿಯಲ್ಲ. ಸಹನೆ ಅವನಲ್ಲಿ ಎಲ್ಲಿದೆ? ಆದರೆ ಹಿಡಿದುದನ್ನು ಬಿಡದಿರುವ ಒಂದೇ ಧರ್ಮವು ಕರ್ಣನ ವಿಷಯದಲ್ಲಿ ಸ್ನೇಹವಾಗಿ, ಭೀಮನ ವಿಷಯದಲ್ಲಿ ವೈರವಾಗಿ ತೋರಬಹುದೆಂಬುದಕ್ಕೆ ಸುಶ್ರುತನು ಸಾಕ್ಷಿ. ರನ್ನನಿಗೆ ಆ ಗ್ರಂಥದ ಪರಿಚಯವಿದ್ದಿತೆಂದು ನಾನು ಹೇಳುತ್ತಿಲ್ಲ.