ಮ್ಯಾಶ್ ಟನ್: ಒಂದು ಪಾತ್ರೆಯ ಇತಿಹಾಸ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ. ಮೊನ್ನೆ ದೂರವಾಣಿಯಲ್ಲಿ, "ಸಾರ್, ಮ್ಯಾಶ್ ಟನ್ 25 ಲೀಟರಿನದು ಸಾಕೋ, 40 ಲೀಟರಿನದು ಬೇಕೋ ತೋಚುತ್ತಿಲ್ಲ" ಎಂದ. ನಾನು ಮದ್ಯ ಸೇವಿಸುವವನಲ್ಲ. ಆದರೂ ಇತಿಹಾಸದ ಮೇಷ್ಟರಿಗೆ ಪಾತ್ರೆಯೂ ಒಂದು ಶಾಸನವೇ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ತರಿಯಾಗಿ ಒಡೆದು, ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಧಾನ್ಯದ ಪಿಷ್ಟವು ಸಕ್ಕರೆಯಾಗುತ್ತದೆ. ಹೀಗೆ ನೆನೆಸುವ ಪಾತ್ರೆಗೆ ಮ್ಯಾಶ್ ಟನ್ ಎಂದು ಹೆಸರು.

14ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ಈ ಕೆಲಸ ಹೆಚ್ಚಾಗಿ ಹೆಂಗಸರದಾಗಿತ್ತು. ಅವರನ್ನು ಬ್ರೂಸ್ಟರ್ ಎನ್ನುತ್ತಿದ್ದರು. ಅವರು ತಯಾರಿಸುತ್ತಿದ್ದ ಏಲ್ ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿದ್ದುದರಿಂದ ಮನೆಗೂ ನೆರೆಹೊರೆಗೂ ಸಾಲುವಷ್ಟೇ ಮಾಡುತ್ತಿದ್ದರು. ಅಡುಗೆಮನೆಯ ಪಾತ್ರೆಯೇ ಅದಕ್ಕೆ ಸಾಕಾಗುತ್ತಿತ್ತು. 15ನೆಯ ಶತಮಾನದಲ್ಲಿ ಹಾಪ್ಸ್ ಎಂಬ ಕಹಿ ಹೂವಿನ ಬಳಕೆ ಹರಡಿತು. ಹಾಪ್ಸ್ ಹಾಕಿದ ಬಿಯರ್ ಬಹುಕಾಲ ಕೆಡದು, ದೂರದ ಊರಿಗೂ ಸಾಗಿಸಬಹುದು. ಆಗ ಪಾತ್ರೆಗಳು ಬೆಳೆದವು. ದೊಡ್ಡ ಪಾತ್ರೆಗೆ ದೊಡ್ಡ ಬಂಡವಾಳ ಬೇಕು. ಸಾಲವಾಗಲಿ ವೃತ್ತಿಸಂಘಗಳಲ್ಲಿ ಅಧಿಕಾರವಾಗಲಿ ಹೆಂಗಸರಿಗೆ ಸುಲಭವಾಗಿ ದೊರಕುತ್ತಿರಲಿಲ್ಲ. 1600ರ ವೇಳೆಗೆ ಕಸುಬು ಬಹುಮಟ್ಟಿಗೆ ಗಂಡಸರ ಕೈ ಸೇರಿತ್ತು. ಇತಿಹಾಸಕಾರ್ತಿ ಜೂಡಿತ್ ಬೆನೆಟ್ ಅವರು 1996ರ ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ.

18ನೆಯ ಶತಮಾನದ ಲಂಡನ್ನಿನಲ್ಲಿ ಗಾತ್ರಕ್ಕೆ ಮಿತಿಯೇ ಇಲ್ಲವಾಯಿತು. 1814ರ ಅಕ್ಟೋಬರ್ 17ರಂದು ಮ್ಯೂಕ್ಸ್ ಕಂಪನಿಯಲ್ಲಿ ಬಿಯರ್ ತುಂಬಿಟ್ಟಿದ್ದ 22 ಅಡಿ ಎತ್ತರದ ಮರದ ತೊಟ್ಟಿ ಒಡೆದು, ಪ್ರವಾಹವು ಹಿಂದಿನ ಬಡವರ ಕೇರಿಗೆ ನುಗ್ಗಿತು. ಸತ್ತವರು 8 ಮಂದಿ. ಎಲ್ಲರೂ ಹೆಂಗಸರು ಮತ್ತು ಮಕ್ಕಳು. ವಿಚಾರಣೆ ನಡೆಸಿದವರು ಅದನ್ನು ಆಕಸ್ಮಿಕ ಎಂದು ತೀರ್ಮಾನಿಸಿದರು. ಚೆಲ್ಲಿಹೋದ ಬಿಯರಿಗೆ ಕಟ್ಟಿದ್ದ ತೆರಿಗೆ ಕಂಪನಿಗೆ ಮರಳಿ ದೊರಕಿತು.

1880ರಲ್ಲಿ ಗ್ಲ್ಯಾಡ್‌ಸ್ಟನ್ ಮಾಲ್ಟಿನ ಮೇಲಿನ ತೆರಿಗೆಯನ್ನು ತೆಗೆದು ಬಿಯರಿನ ಮೇಲೆ ಹಾಕಿದ. ಆ ಕಾನೂನಿಗೆ ಜನರಿಟ್ಟ ಹೆಸರು 'ಫ್ರೀ ಮ್ಯಾಶ್ ಟನ್' ಕಾಯಿದೆ! ಆದರೆ ಸ್ವಾತಂತ್ರ್ಯ ದೊರೆತದ್ದು ಕಾರ್ಖಾನೆಯ ಪಾತ್ರೆಗೆ. ಮನೆಯಲ್ಲಿ ತಯಾರಿಸುವವರು ಪರವಾನಗಿ ಪಡೆಯಬೇಕಾಯಿತು. ಆ ಕಟ್ಟಳೆ ತೊಲಗಿದ್ದು 1963ರಲ್ಲಿ.

ಇನ್ನು ಶಿಷ್ಯನ ಪ್ರಶ್ನೆ. 5 ಕಿಲೋ ಮಾಲ್ಟಿಗೆ ಕಿಲೋಗೆ 3 ಲೀಟರಿನಂತೆ ನೀರು 15 ಲೀಟರ್. ನೆನೆದ ಧಾನ್ಯ ಕಿಲೋಗೆ ಸುಮಾರು 0.7 ಲೀಟರ್ ಜಾಗ ಹಿಡಿಯುತ್ತದೆ; ಅದು ಮೂರೂವರೆ. ಒಟ್ಟು ಹದಿನೆಂಟೂವರೆ. ಕೈಯಾಡಿಸಲು ಎಡೆ ಬಿಟ್ಟರೂ 25 ಲೀಟರ್ ಧಾರಾಳ. 8 ಕಿಲೋ ಬೇಡುವ ಗಟ್ಟಿ ಬಿಯರಿಗೆ ಮಾತ್ರ ಇದೇ ಲೆಕ್ಕ ಸುಮಾರು 30 ಲೀಟರಿಗೆ ಏರುತ್ತದೆ. ತುಂಬಿದ ದೊಡ್ಡ ಪಾತ್ರೆ ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ, ಏಕೆಂದರೆ ಗಾತ್ರಕ್ಕೆ ಹೋಲಿಸಿದರೆ ಅದರ ಮೇಲ್ಮೈ ಕಡಿಮೆ. ಅರ್ಧ ಬರಿದಾದರೆ ಆ ಲಾಭವಿಲ್ಲ. ಧಾನ್ಯದ ಪದರ ತೆಳುವಾಗಿ ಬೇಗ ಆರುತ್ತದೆ.

"ನೀನು ಪದೇಪದೇ ಮಾಡುವುದು ಎಷ್ಟು ಕಿಲೋದ್ದು?" ಎಂದು ಕೇಳಿದೆ. "ಐದೇ ಸಾರ್" ಎಂದ. "ಹಾಗಾದರೆ 25 ಸಾಕು" ಎಂದೆ.

"ಇವಳೂ ಅದನ್ನೇ ಹೇಳಿದ್ದಳು. ಉಷ್ಣಮಾಪಕ ಹಿಡಿಯುವುದು, ಅಳತೆ ನೋಡುವುದು ಎಲ್ಲ ಅವಳದೇ, ಪಾತ್ರೆ ತೊಳೆಯುವುದಷ್ಟೇ ನನ್ನ ಪಾಲು" ಎಂದು ನಕ್ಕ. ನಾನು ಆ ಹಳೆಯ ಬ್ರೂಸ್ಟರರನ್ನು ನೆನೆದೆ. ಮನಸ್ಸಿಗೆ ಏನೋ ಸಮಾಧಾನವಾಯಿತು.