ನೀನು ಉಂಡ್ಯೇನಮ್ಮ?

ವಸಂತನರಸಾಪುರದ ನಮ್ಮ ಚಿಕ್ಕಮ್ಮ ಲಕ್ವ ಹೊಡೆದ ಅತ್ತೆಯನ್ನು ಒಂಬತ್ತು ವರ್ಷ ನೋಡಿಕೊಂಡರು. ಬಂದವರೆಲ್ಲ 'ಅಜ್ಜಿ ಉಂಡ್ರೇನಮ್ಮ?' ಎನ್ನುತ್ತಿದ್ದರು. 'ನೀನು ಉಂಡ್ಯೇನಮ್ಮ?' ಎಂದು ಯಾರೂ ಕೇಳಲಿಲ್ಲ, ನಾನೂ ವಿಚಾರಿಸಲಿಲ್ಲ.

ಆರೈಕೆ ಮಾಡುವವರ ಕಡೆಗೆ ಆಸ್ಪತ್ರೆಗಳ ಗಮನ ಹರಿದದ್ದೇ ತಡವಾಗಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆ ಹಾಕಿಸಿ, ರೋಗಿಗಳೊಂದಿಗೆ ಮನೆಯವರನ್ನೂ ಇರಿಸಿಕೊಂಡರು. ಕಾಯಿಲೆಯೆಂದರೇನು, ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಅವರು ಅಲ್ಲೇ ಕಲಿತರು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಒಳಗೊಂಡು 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಮುಂದೆ ಅಲ್ಲಿ ಕುಟುಂಬಗಳಿಗೆಂದೇ ಒಂದು ಕೇಂದ್ರ ಬಂತು. 1990ರ ದಶಕದಲ್ಲಿ ಮನೋರೋಗಿಗಳ ಮನೆಯವರೇ ಬೆಂಗಳೂರಿನಲ್ಲಿ 'ಅಮೆಂಡ್' ಎಂಬ ಸಂಘ ಕಟ್ಟಿಕೊಂಡರು.

ಇವೆಲ್ಲ ದೊಡ್ಡ ಹೆಜ್ಜೆಗಳೇ. ಆದರೆ ಬೆಂಗಳೂರಿನಲ್ಲಿ ನಡೆಯುವ ಇಂಥ ಒಂದು ಸಭೆಗೆ ಚಿಕ್ಕಮ್ಮ ಹೋಗಿಬರಲು ಇಡೀ ದಿನ ಬೇಕು. ಆ ದಿನ ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸುವವರು ಯಾರು? ಚಿಕ್ಕಪ್ಪ ಹೊಲಕ್ಕೆ, ಮಗ ಕಾರ್ಖಾನೆಯ ಪಾಳಿಗೆ.

ಸಂಘಸಂಸ್ಥೆಗಳು ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಬೇಕು. ಉಪನ್ಯಾಸ ಆಮೇಲಿರಲಿ, ವಾರಕ್ಕೆ ಅರ್ಧ ದಿನ ಊರಿಗೇ ಬಂದು ಹಾಸಿಗೆಯ ಪಕ್ಕ ಕೂರುವ ನಂಬಿಕಸ್ಥರೊಬ್ಬರು ಬೇಕು. ಹೊರಳಿಸುವುದನ್ನು, ಮೈ ಒರೆಸುವುದನ್ನು ಮನೆಯ ಗಂಡಸರಿಗೂ ಹೇಳಿಕೊಡಬೇಕು.

ಒಮ್ಮೆ ಹೋಗಿದ್ದಾಗ 'ನೀವು ಮಲಗಿ ಚಿಕ್ಕಮ್ಮ, ನಾನಿದ್ದೀನಿ' ಎಂದೆ. ಮಲಗಿದವರು ದೀಪ ಹಚ್ಚುವ ಹೊತ್ತಿನವರೆಗೂ ಏಳಲಿಲ್ಲ. ಆ ಒಂಬತ್ತು ವರ್ಷದಲ್ಲಿ ನಾನು ಅವರಿಗೆ ಮಾಡಿದ ಸಹಾಯ ಅದೊಂದೇ.