ಕೈಗಾರಿಕಾ ಇಂಗಾಲದ ರಾಜ್ಯವಾರು ಲೆಕ್ಕ: ತಾಂಡೂರು–ಸೇಡಂ ಸೀಮೆ

ಕಾರ್ಖಾನೆಗಳು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡನ್ನು ಒಂದೊಂದು ರಾಜ್ಯದ ಹೆಸರಿನಲ್ಲಿ ಲೆಕ್ಕ ಹಿಡಿಯುವ ಕೆಲಸ ಭಾರತದಲ್ಲಿ ತೀರ ಈಚಿನದು. ಅದರ ತೊಡಕು ಕಣ್ಣಿಗೆ ಕಾಣುವ ಜಾಗಗಳಲ್ಲಿ ತಾಂಡೂರು ಒಂದು. ಕಾಗಿಣಾ ಹೊಳೆಯ ಈ ಸೀಮೆಯ ಸುಣ್ಣಕಲ್ಲಿನ ಹಾಸು ಸೇಡಂ, ಮಳಖೇಡ, ವಾಡಿ, ಶಹಾಬಾದಿನ ಕಡೆಗೂ ಹಬ್ಬಿದೆ. ನಡುವೆ ತೆಲಂಗಾಣ–ಕರ್ನಾಟಕದ ಗಡಿ ಹಾದಿದೆ. 1956ರವರೆಗೆ ತಾಂಡೂರು, ಕೊಡಂಗಲ್ ಎರಡೂ ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣಕ್ಕೆ ಬಂದವು.

ಇದೇ ಸುಣ್ಣಕಲ್ಲಿನ ತಾಂಡೂರು ಪರಸಿ ಹಾಸಿದ ಮನೆಗಳಲ್ಲಿ ನಿಂಬೆರಸ ಚೆಲ್ಲಿದರೆ ತಕ್ಷಣ ಒರೆಸುತ್ತಾರೆ, ಇಲ್ಲವಾದರೆ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ. ಹುಳಿ ತಾಗಿದಾಗ ಕಲ್ಲಿನಿಂದ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡೇ ಸಿಮೆಂಟ್ ಗೂಡಿನಲ್ಲಿ ಟನ್ನುಗಟ್ಟಲೆ ಹೊರಬರುತ್ತದೆ. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಗಾಳಿಗೆ ಹೋಗುತ್ತದೆ. ಉರಿಸಿದ ಕಲ್ಲಿದ್ದಲಿನ ಹೊಗೆ ಬೇರೆ. ಹೀಗಾಗಿ ಕಲ್ಲಿದ್ದಲನ್ನು ಪೂರ್ತಿ ಬಿಟ್ಟರೂ ಸಿಮೆಂಟಿನ ಇಂಗಾಲ ಅರ್ಧಕ್ಕಿಂತ ಹೆಚ್ಚು ಉಳಿದೇ ಇರುತ್ತದೆ.

ಈ ಸೀಮೆಯಲ್ಲಿ ಸಿಮೆಂಟ್ ಮೊದಲು ತಯಾರಾದದ್ದು ನಿಜಾಮರ ಕಾಲದ ಶಹಾಬಾದಿನಲ್ಲಿ, 1920ರ ದಶಕದಲ್ಲಿ. 1968ರಲ್ಲಿ ವಾಡಿ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ, ಆಮೇಲೆ ತಾಂಡೂರಿನ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಬಂದವು. ಕರಣಕೋಟೆಯದು ಕೇಂದ್ರ ಸರ್ಕಾರದ ಭಾರತೀಯ ಸಿಮೆಂಟ್ ನಿಗಮದ್ದು. ಅಷ್ಟು ವರ್ಷ ಇಲ್ಲಿ ಈ ಅನಿಲದ ರಾಜ್ಯವಾರು ಲೆಕ್ಕ ಇರಲಿಲ್ಲ. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1973ರಲ್ಲಿ ಇಂಧನದ ಜೊತೆಗೆ ಸುಣ್ಣಕಲ್ಲನ್ನೂ ಸೇರಿಸಿ ಜಗತ್ತಿನ ಲೆಕ್ಕ ಹಾಕಿದರು. ಗೂಡಿನಲ್ಲಿ ಸುಟ್ಟು ಹೊರಬರುವ ಒಂದು ಟನ್ ಕ್ಲಿಂಕರಿಗೆ ಕಲ್ಲಿನಿಂದಲೇ ಸುಮಾರು 0.52 ಟನ್ ಅನಿಲ ಎಂಬ ಸೂತ್ರ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2006ರ ಮಾರ್ಗಸೂಚಿಯದು.

ಭಾರತ ವಿಶ್ವಸಂಸ್ಥೆಗೆ ತನ್ನ ಮೊದಲ ಹವಾಮಾನ ವರದಿಯನ್ನು 2004ರಲ್ಲಿ ಒಪ್ಪಿಸಿತು, 1994ರ ಲೆಕ್ಕದೊಂದಿಗೆ. 2010ರಲ್ಲಿ ಬಂದ ಕೇಂದ್ರ ಸರ್ಕಾರದ ವರದಿ 2007ರ ಸಿಮೆಂಟ್ ಉದ್ಯಮಕ್ಕೆ ಸುಮಾರು 13 ಕೋಟಿ ಟನ್ ಎಂದಿತು. ಅವು ದೇಶದ ಮೊತ್ತಗಳು. 2009ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ತಮ್ಮದೇ ಹವಾಮಾನ ಕ್ರಿಯಾ ಯೋಜನೆ ಮಾಡಿ ಎಂದ ಮೇಲೆ ಕರ್ನಾಟಕದಲ್ಲಿ ಎಂಪ್ರಿ, ಹೈದರಾಬಾದಿನಲ್ಲಿ ಎಪ್‌ಟ್ರಿ ಎಂಬ ಪರಿಸರ ಸಂಶೋಧನಾ ಸಂಸ್ಥೆಗಳು ಆ ಕೆಲಸ ಹಿಡಿದವು. ವರ್ಷವರ್ಷದ ರಾಜ್ಯವಾರು ಸರಣಿ ಕೊಟ್ಟದ್ದು ಮಾತ್ರ ಸರ್ಕಾರದ ಹೊರಗಿನ ಜಿಎಚ್‌ಜಿ ಪ್ಲಾಟ್‌ಫಾರ್ಮ್ ಇಂಡಿಯಾ. ಬೆಂಗಳೂರಿನ ಸಿಸ್ಟೆಪ್ ಸೇರಿದಂತೆ ಹಲವು ಸಂಸ್ಥೆಗಳು ಕೂಡಿ 2005ರಿಂದ ಮುಂದಿನ ವರ್ಷಗಳನ್ನು ಲೆಕ್ಕ ಹಾಕಿದವು. ಕೈಗಾರಿಕೆಯ ಇಂಧನಕ್ಕೆ ಅವರು ಆಧಾರ ಮಾಡಿಕೊಂಡದ್ದು ವಾರ್ಷಿಕ ಕೈಗಾರಿಕಾ ಸಮೀಕ್ಷೆಯನ್ನು. ಆ ಸಮೀಕ್ಷೆ ನೋಂದಾಯಿತ ಕಾರ್ಖಾನೆಗಳದು. ತಾಂಡೂರಿನ ಸಣ್ಣಪುಟ್ಟ ಕಲ್ಲಿನ ಪಾಲಿಶ್ ಘಟಕಗಳೆಲ್ಲ ಅದರ ಕೈಗೆ ಸಿಗುವುದಿಲ್ಲ.

ಸಿಮೆಂಟಿನಲ್ಲಿ ಇನ್ನೂ ದೊಡ್ಡ ತೊಡಕಿದೆ. ಸುಟ್ಟ ಗುಂಡುಗಲ್ಲಿನಂಥ ಕ್ಲಿಂಕರನ್ನು ರೈಲಿಗೆ ತುಂಬಿ ಬೇರೆ ರಾಜ್ಯಕ್ಕೆ ಕಳಿಸಿ, ಅಲ್ಲಿ ಹಾರುಬೂದಿ ಬೆರೆಸಿ ಬೀಸುವುದುಂಟು. ಚೀಲಗಳನ್ನು ಎಣಿಸಿದರೆ ಪಾಲು ಬೀಸಿದ ರಾಜ್ಯಕ್ಕೆ ಬೀಳುತ್ತದೆ. ಅನಿಲ ಎದ್ದದ್ದು ಗೂಡು ಇರುವ ಊರಿನಲ್ಲಿ. ರಾಜ್ಯದ ಲೆಕ್ಕ ಕ್ಲಿಂಕರಿನಿಂದ ಶುರುವಾಗದಿದ್ದರೆ ಕಲಬುರಗಿ ಮತ್ತು ತಾಂಡೂರು ಇರುವ ವಿಕಾರಾಬಾದ್ ಜಿಲ್ಲೆಗಳ ಹೊರೆ ಎಂದೂ ಸರಿಯಾಗಿ ಕಾಣದು.

ಸಿಮೆಂಟ್ ಚಿಮಣಿಗಳಿಗೆ ಕೂಡಿಸಿರುವ ನಿರಂತರ ಮಾಪಕಗಳು ಧೂಳು, ಗಂಧಕ ಮತ್ತು ಸಾರಜನಕದ ಆಕ್ಸೈಡುಗಳಿಗಾಗಿ. ಇಂಗಾಲವನ್ನು ಈಗಲೂ ಕಾಗದದ ಮೇಲೆ ಲೆಕ್ಕ ಹಾಕುತ್ತಾರೆ. 2012ರಲ್ಲಿ ಶುರುವಾದ ‘ಪ್ಯಾಟ್’ ಯೋಜನೆ ಇಂಧನದ ಉಳಿತಾಯವನ್ನು ಕಾರ್ಖಾನೆವಾರು ನೋಡಿತು. 2023ರ ಇಂಗಾಲ ವಹಿವಾಟು ಯೋಜನೆಯಡಿ 2025ರ ಅಕ್ಟೋಬರಿನಲ್ಲಿ ಸಿಮೆಂಟ್ ಘಟಕಗಳಿಗೂ ಗುರಿ ಗೊತ್ತುಮಾಡಲಾಯಿತು. ಆ ಗುರಿ ಪ್ರತಿ ಟನ್ ಉತ್ಪನ್ನಕ್ಕೆ ಎಷ್ಟು ಅನಿಲ ಎಂಬುದರದು. ಉತ್ಪಾದನೆ ಹೆಚ್ಚಿದರೆ ಗುರಿ ಮುಟ್ಟಿದ ಕಾರ್ಖಾನೆಯಿಂದಲೂ ಒಟ್ಟು ಅನಿಲ ಏರಬಹುದು, ಅದನ್ನು ಬರೆದಿಡಬೇಕಾದ್ದು ರಾಜ್ಯದ ಪುಸ್ತಕದಲ್ಲೇ.